ಓರೆ ಕೊಳವೆ, ಬೀಸುವ ಗಾಳಿ: ಶಾಖನಷ್ಟದ ಲೆಕ್ಕಕ್ಕೆ ಯಾವ ದಾರಿ ಹಿಡಿಯಬೇಕು?

ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ ಬೆಂಗಳೂರಿನ ವಿಜಯನಗರದ ಒಂದು ವಿದ್ಯಾರ್ಥಿನಿಲಯದ ತಾರಸಿಯ ಮೇಲೆ ನಿಂತಿದ್ದೆ. ಸೋಲಾರ್ ಟ್ಯಾಂಕಿನ ಉಷ್ಣಮಾಪಕ 60 ಡಿಗ್ರಿ ತೋರಿಸುತ್ತಿತ್ತು. ಟ್ಯಾಂಕಿನಿಂದ ಹೊರಟ ಒಂದು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಓರೆಯಾಗಿ ಇಳಿದು, ಕೈಪಿಡಿ ಗೋಡೆಯ ಪಕ್ಕಕ್ಕೆ ಹೊರಳಿ, ಅಲ್ಲಿಂದ ಸ್ನಾನದ ಕೋಣೆಗಳಿಗೆ ಇಳಿಯುತ್ತಿತ್ತು. ಉದ್ದಕ್ಕೂ ಬರಿಮೈ. ಟ್ಯಾಂಕಿನ ಬಾಯಿಯ ಬಳಿ ಪೈಪನ್ನು ಮುಟ್ಟಿದರೆ ಕೈ ಸುಟ್ಟಿತು. ನಾಲ್ಕು ಮಾರು ಆಚೆ ಮುಟ್ಟಿದರೆ ಬರೀ ತಂಪು ಕಬ್ಬಿಣ. "ಸರ್, ಮೇಲೆ ನೀರು ಕುದಿಯುತ್ತಿದೆ, ಕೆಳಗೆ ನಲ್ಲಿಯಲ್ಲಿ ಮಾತ್ರ ಮೊದಲ ಅರ್ಧ ಬಕೆಟ್ ತಣ್ಣಗೇ ಬರುತ್ತದೆ. ಪೈಪು ಓರೆಯಾಗಿರುವುದರಿಂದ ಹೀಗಾಗುತ್ತಿದೆ ಎಂದು ಪ್ಲಂಬರ್ ಹೇಳುತ್ತಾನೆ, ಹೌದೇ?" ಎಂದು ಮಾಲೀಕರು ಕೇಳಿದರು.

ಪ್ರಶ್ನೆ ಚಿಕ್ಕದು, ಆದರೆ ಉತ್ತರ ಹುಡುಕಲು ಹೊರಟವರಿಗೆ ಐದಾರು ದಾರಿಗಳು ಎದುರಾಗುತ್ತವೆ. ಪಠ್ಯಪುಸ್ತಕಗಳ ಶಾಖನಷ್ಟದ ಸೂತ್ರಗಳು ಬಹುಪಾಲು ಗಾಳಿ ಕೊಳವೆಗೆ ನೇರ ಅಡ್ಡಲಾಗಿ ಬೀಸುತ್ತದೆ ಎಂದು ಹಿಡಿದು ಬರೆದಂಥವು. ನಮ್ಮ ಕೊಳವೆಗಳು ಹಾಗಿರುವುದು ಅಪರೂಪ. ಓರೆಯಾದ ಕೊಳವೆಗೆ ಏನು ಮಾಡಬೇಕು ಎಂಬಲ್ಲಿಗೆ ಬಂದಾಗ ಕೆಲವರು ಕೋನವನ್ನು ಕಡೆಗಣಿಸುತ್ತಾರೆ, ಕೆಲವರು ಸೈನ್ ಹಾಕಿ ಮುಗಿಸುತ್ತಾರೆ, ಇನ್ನು ಕೆಲವರು ನೇರವಾಗಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಇಂಥ ಲೆಕ್ಕ ಮಾಡಿಕೊಡುತ್ತಾ ಬಂದಿರುವ ನನಗೆ ಯಾವ ದಾರಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಬಗ್ಗೆ ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೋನ ಯಾವುದು ಎಂದು ಗೊತ್ತಾಗಲಿ

ಸೂತ್ರಕ್ಕಿಂತ ಮುಂಚೆ ತಪ್ಪುವುದು ಇಲ್ಲೇ. ಪೈಪು ನೆಲಕ್ಕೆ 20 ಡಿಗ್ರಿ ಓರೆಯಾಗಿದೆ ಎಂದಾಕ್ಷಣ ಗಾಳಿಗೂ ಪೈಪಿಗೂ ನಡುವಿನ ಕೋನ 20 ಡಿಗ್ರಿ ಎಂದೇನೂ ಅಲ್ಲ. ಶಾಖಕ್ಕೆ ಬೇಕಾದದ್ದು ಗಾಳಿಯ ದಿಕ್ಕಿಗೂ ಪೈಪಿನ ಅಕ್ಷಕ್ಕೂ ನಡುವಿನ ಕೋನ. ಗಾಳಿ ನೆಲಕ್ಕೆ ಸಮಾನಾಂತರವಾಗಿ ಬೀಸುತ್ತದೆ ಎಂದಿಟ್ಟುಕೊಳ್ಳಿ. ಪೈಪನ್ನು ನೇರ ಮೇಲಿನಿಂದ ನೋಡಿದಾಗ ಕಾಣುವ ಗೆರೆಗೂ ಗಾಳಿಯ ದಿಕ್ಕಿಗೂ ಇರುವ ಕೋನದ ಕೊಸೈನ್ ತೆಗೆದುಕೊಂಡು, ಅದನ್ನು ಇಳಿಜಾರಿನ ಕೊಸೈನ್‌ನಿಂದ ಗುಣಿಸಿ. ಬಂದ ಸಂಖ್ಯೆಯೇ ನಮಗೆ ಬೇಕಾದ ಕೋನದ ಕೊಸೈನ್.

ಬೆಂಗಳೂರಿನ ತಾರಸಿಗೆ ಇದನ್ನು ಅನ್ವಯಿಸಿದರೆ ಸ್ವಾರಸ್ಯವಾದ ಸಂಗತಿ ಹೊರಬೀಳುತ್ತದೆ. ಸೋಲಾರ್ ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಓರೆ ಪೈಪುಗಳು ಬಹುಮಟ್ಟಿಗೆ ಉತ್ತರ–ದಕ್ಷಿಣವಾಗಿ ಇಳಿಯುತ್ತವೆ. ಇಲ್ಲಿನ ಗಾಳಿ ಮುಂಗಾರಿನಲ್ಲಿ ಪಶ್ಚಿಮ, ನೈಋತ್ಯದ ಕಡೆಯಿಂದ; ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಗಾಳಿ ನೇರ ಪಶ್ಚಿಮದಿಂದಲೋ ಪೂರ್ವದಿಂದಲೋ ಬಂದರೆ ಪೈಪು ಎಷ್ಟೇ ಓರೆಯಾಗಿರಲಿ, ಗಾಳಿಗೆ ಅದು 90 ಡಿಗ್ರಿ, ಪೂರ್ತಿ ಅಡ್ಡ. ನೈಋತ್ಯದಿಂದ ಬಂದರೆ, 20 ಡಿಗ್ರಿ ಇಳಿಜಾರಿನ ಪೈಪಿಗೆ ಸುಮಾರು 48 ಡಿಗ್ರಿ. ಅಂದರೆ ನೇರ ಪೂರ್ವದ ಗಾಳಿ ಬೀಸುವಾಗ ಪ್ಲಂಬರ್ ಬೆರಳು ತೋರಿಸಿದ ಆ ಓರೆ ಪೈಪಿಗೆ ಗಾಳಿಯ ಮಟ್ಟಿಗೆ ಓರೆಯೇ ಇಲ್ಲ. ಗಾಳಿಯ ಜೊತೆಗೆ ಸಾಗುವುದು ಕೈಪಿಡಿ ಗೋಡೆಗೆ ಒರಗಿ ಪೂರ್ವ–ಪಶ್ಚಿಮವಾಗಿ ಮಟ್ಟಸವಾಗಿ ಹೋಗುವ ಪೈಪು. ಕಣ್ಣಿಗೆ ಓರೆಯಾಗಿ ಕಾಣುವುದು ಒಂದು, ಗಾಳಿಗೆ ಓರೆಯಾಗಿರುವುದು ಇನ್ನೊಂದು.

ಎರಡನೆಯ ಬಲೆ ಇನ್ನೂ ಕೆಟ್ಟದ್ದು. ಕೆಲವು ಪುಸ್ತಕಗಳು, ನಕ್ಷೆಗಳು ಕೋನವನ್ನು ಅಕ್ಷದಿಂದ ಅಳೆಯುತ್ತವೆ. ಕೆಲವು ಅಡ್ಡಗೆರೆಯಿಂದ, ಅಂದರೆ ಅಕ್ಷಕ್ಕೆ ಲಂಬವಾದ ದಿಕ್ಕಿನಿಂದ. ಒಬ್ಬರ 20 ಇನ್ನೊಬ್ಬರ 70. ಕೆಲವು ವರ್ಷಗಳ ಹಿಂದೆ ಒಂದು ಘಟಕಕ್ಕೆ ಬಿಸಿ ಎಣ್ಣೆ ತಣಿಸುವ ಕೊಳವೆಗಳ ಲೆಕ್ಕ ಮಾಡುವಾಗ ನಕ್ಷೆಯಲ್ಲಿದ್ದ 70 ಡಿಗ್ರಿಯನ್ನು ಅಕ್ಷದಿಂದ ಅಳೆದದ್ದು ಎಂದು ಓದಿಕೊಂಡೆ. ಅದು ಲಂಬದಿಂದ ಅಳೆದದ್ದಾಗಿತ್ತು. ಓರೆಗಾಗಿ ಅಡ್ಡ ಗಾಳಿಯ ಉತ್ತರವನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, ನಾನು ಹಾಕಿದ್ದು 0.94, ಹಾಕಬೇಕಿದ್ದದ್ದು 0.64. ಯಂತ್ರ ಓಡತೊಡಗಿದ ಮೂರನೆಯ ದಿನವೇ ಎಣ್ಣೆ ತಣಿಯುತ್ತಿಲ್ಲ ಎಂದು ಕರೆ ಬಂತು, ದೊಡ್ಡ ಫ್ಯಾನ್ ಹಾಕಿಸಬೇಕಾಯಿತು. ಅಂದಿನಿಂದ ಲೆಕ್ಕದ ಹಾಳೆಯ ಮೇಲ್ತುದಿಯಲ್ಲಿ ಪೈಪು, ಬಾಣದ ಗುರುತಿನ ಗಾಳಿ, ನಡುವೆ ಕೋನ, ಇಷ್ಟನ್ನು ಕೈಯಿಂದ ಬರೆಯದೆ ಮುಂದಿನ ಸಾಲಿಗೆ ಹೋಗುವುದಿಲ್ಲ.

ಅಡ್ಡ ಗಾಳಿಯ ಸೂತ್ರಗಳಲ್ಲಿ ಆಯ್ಕೆ

ಯಾವ ದಾರಿ ಹಿಡಿದರೂ ಮೊದಲು ಅಡ್ಡ ಗಾಳಿಗೆ ಉತ್ತರ ಬೇಕು. ಕೋನದ ಗುಣಕ ಅದರ ಮೇಲೆ ಕೂರುತ್ತದೆ. ವಿದ್ಯಾರ್ಥಿನಿಲಯದ ಪೈಪನ್ನೇ ತೆಗೆದುಕೊಳ್ಳೋಣ. ಹೊರವ್ಯಾಸ 34 ಮಿಲಿಮೀಟರ್, ಮೈ 60 ಡಿಗ್ರಿ, ಗಾಳಿ 20 ಡಿಗ್ರಿ, ವೇಗ ಸೆಕೆಂಡಿಗೆ 3 ಮೀಟರ್.

ಇಲ್ಲಿ ಬೆಂಗಳೂರಿನವರು ಮರೆಯುವ ಒಂದು ವಿಷಯವಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಇಲ್ಲಿ ಸಮುದ್ರಮಟ್ಟದ ಸುಮಾರು ಶೇಕಡ 90 ಮಾತ್ರ. ಗಾಳಿ ತೆಳುವಾದಷ್ಟೂ ರೆನಾಲ್ಡ್ಸ್ ಸಂಖ್ಯೆ (ಗಾಳಿಯ ವೇಗ, ಸಾಂದ್ರತೆ, ಸ್ನಿಗ್ಧತೆ ಮತ್ತು ಪೈಪಿನ ವ್ಯಾಸದಿಂದ ಸಿಗುವ, ಹರಿವಿನ ಸ್ವರೂಪ ಹೇಳುವ ಅಂಕಿ) ಇಳಿಯುತ್ತದೆ. ಪುಸ್ತಕದ ಕೋಷ್ಟಕದ ಬೆಲೆಗಳನ್ನು ಹಾಗೆಯೇ ಹಾಕಿದರೆ ಇದೇ ಪೈಪಿಗೆ 6000 ಬರುತ್ತದೆ; ಬೆಂಗಳೂರಿಗೆ ಸರಿಪಡಿಸಿದರೆ ಸುಮಾರು 5370. ಕೊನೆಯಲ್ಲಿ ಶಾಖ ಒಯ್ಯುವ ಶಕ್ತಿ ಶೇಕಡ 6ರಷ್ಟು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಸರಿಯಾಗಿ ತಣಿಯುವ ಯಂತ್ರ ಇಲ್ಲಿ, ಗಾಳಿಯ ಉಷ್ಣತೆ ಒಂದೇ ಆಗಿದ್ದರೆ, ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ; ಬೆಂಗಳೂರಿನ ತಂಪು ಹವೆ ಅದನ್ನು ಮರೆಮಾಡುತ್ತದೆ ಅಷ್ಟೆ.

ಸೂತ್ರಗಳಲ್ಲಿ ಮೂರು ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. 1933ರ ಹಿಲ್ಪರ್ಟ್ ಸೂತ್ರ ಅತ್ಯಂತ ಸರಳ: ನಮ್ಮ ವ್ಯಾಪ್ತಿಯಲ್ಲಿ, ಅಂದರೆ ರೆನಾಲ್ಡ್ಸ್ ಸಂಖ್ಯೆ 4000ದಿಂದ 40,000ದೊಳಗೆ ಇರುವಾಗ, ಅದನ್ನು 0.618ರ ಘಾತಕ್ಕೆ ಏರಿಸಿ, 0.193ರಿಂದ ಗುಣಿಸಿ, ಪ್ರಾಂಟ್ಲ್ ಸಂಖ್ಯೆಯ (ಗಾಳಿಯ ಗುಣಗಳಿಂದ ಬರುವ ಅಂಕಿ) ಘನಮೂಲದಿಂದ ಮತ್ತೆ ಗುಣಿಸಿದರೆ ನಸೆಲ್ಟ್ ಸಂಖ್ಯೆ ಸಿಕ್ಕಿತು; ಗಾಳಿ ಎಷ್ಟು ಶಾಖ ಒಯ್ಯುತ್ತದೆ ಎಂಬುದು ಇದರಿಂದಲೇ ಬರುತ್ತದೆ. ಕ್ಯಾಲ್ಕುಲೇಟರ್ ಇಟ್ಟುಕೊಂಡು ಸೈಟಿನಲ್ಲಿ ನಿಂತೇ ಮಾಡಬಹುದು. 1972ರ ಜುಕೌಸ್ಕಾಸ್ ಸೂತ್ರವೂ ಇದೇ ಜಾಡಿನದು, ಆದರೆ ಗಾಳಿಯ ಸ್ನಿಗ್ಧತೆ, ಶಾಖವಾಹಕತೆಯಂಥ ಗುಣಗಳನ್ನು ಬೀಸುವ ಗಾಳಿಯ ಉಷ್ಣತೆಯಲ್ಲಿ ತೆಗೆದುಕೊಳ್ಳಬೇಕು. ಮೈಯ ಮತ್ತು ಗಾಳಿಯ ಸರಾಸರಿಯಲ್ಲಿ ತೆಗೆದುಕೊಂಡರೆ ತಪ್ಪುತ್ತದೆ. 1977ರ ಚರ್ಚಿಲ್–ಬರ್ನ್‌ಸ್ಟೈನ್ ಸೂತ್ರ ನೋಡಲು ಉದ್ದ, ಆದರೆ ನಿಧಾನ ಗಾಳಿಯಿಂದ ಬಿರುಗಾಳಿಯವರೆಗೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ವ್ಯಾಪ್ತಿ ಬದಲಾದಂತೆ ಕೋಷ್ಟಕ ತಿರುವಿ ಹಾಕುವ ಗೋಜಿಲ್ಲ.

ನಮ್ಮ ಪೈಪಿಗೆ ಈ ಮೂರೂ ಕೊಡುವ ಸಂವಹನ ಗುಣಾಂಕ (ಗಾಳಿ ಶಾಖ ಒಯ್ಯುವ ಶಕ್ತಿ), ಚದರ ಮೀಟರಿಗೆ ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ, ಕ್ರಮವಾಗಿ ಸುಮಾರು 28, 32 ಮತ್ತು 30. ಇಷ್ಟು ಹತ್ತಿರ ಇರುವಾಗ ಯಾವುದು ಶ್ರೇಷ್ಠ ಎಂಬ ವಾದಕ್ಕೆ ಸಮಯ ಕೊಡಬೇಡಿ. ಈ ಸೂತ್ರಗಳೇ ಶೇಕಡ 20ರಷ್ಟು ಆಚೀಚೆ ಆಗಬಲ್ಲವು. ಎಕ್ಸೆಲ್ ಹಾಳೆಗೆ ಚರ್ಚಿಲ್–ಬರ್ನ್‌ಸ್ಟೈನ್ ಹಾಕಿಟ್ಟುಕೊಳ್ಳಿ, ಸೈಟಿಗೆ ಹಿಲ್ಪರ್ಟ್ ಸಾಕು. 30 ಎಂದು ಹಿಡಿದರೆ ಒಂದು ಮೀಟರ್ ಬರಿಮೈ ಪೈಪಿನಿಂದ ಗಾಳಿಗೆ ಹೋಗುವ ಶಾಖ ಸುಮಾರು 130 ವ್ಯಾಟ್. ಬಣ್ಣ ಬಳಿದ ಪೈಪಾದರೆ ವಿಕಿರಣದಿಂದ ಇನ್ನೂ 27 ವ್ಯಾಟ್ ಸೇರಿಕೊಳ್ಳುತ್ತದೆ.

ಸೈನ್ ಸೂತ್ರವೋ, ತಂತಿಯವರ ಗುಣಕವೋ?

ನಿಜವಾದ ಆಯ್ಕೆ ಇರುವುದು ಇಲ್ಲಿ. ಹಳೆಯ, ಸೊಗಸಾದ ವಾದ ಹೀಗಿದೆ: ಓರೆಯಾಗಿ ಬರುವ ಗಾಳಿಯನ್ನು ಎರಡು ಭಾಗ ಮಾಡಿ, ಒಂದು ಪೈಪಿಗೆ ಅಡ್ಡ, ಇನ್ನೊಂದು ಪೈಪಿನ ಉದ್ದಕ್ಕೆ. ಶಾಖ ಒಯ್ಯುವುದು ಅಡ್ಡ ಭಾಗ ಮಾತ್ರ, ಉದ್ದದ ಭಾಗ ಸುಮ್ಮನೆ ಜಾರಿಹೋಗುತ್ತದೆ. ಹಾಗಾಗಿ ವೇಗವನ್ನು ಕೋನದ ಸೈನ್‌ನಿಂದ ಗುಣಿಸಿ ಅದನ್ನೇ ಅಡ್ಡ ಗಾಳಿಯ ಸೂತ್ರಕ್ಕೆ ಹಾಕಿದರೆ ಆಯಿತು. ಇದಕ್ಕೆ ಸ್ವತಂತ್ರತಾ ನಿಯಮ ಎಂದು ಹೆಸರು. ನಮ್ಮ ರೆನಾಲ್ಡ್ಸ್ ಸಂಖ್ಯೆಯ ಸುತ್ತಮುತ್ತ ಶಾಖ ವೇಗದ ಸುಮಾರು 0.6ರ ಘಾತವನ್ನು ಅನುಸರಿಸುವುದರಿಂದ ಗುಣಕ ಎಂದರೆ ಸೈನ್‌ನ 0.6ರ ಘಾತ.

ಈ ವಾದ ಎಲ್ಲಿ ಸೋಲುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಒಂದು ಊದುಬತ್ತಿ ಸಾಕು. ಟೇಬಲ್ ಫ್ಯಾನ್ ಎದುರು ಒಂದು ಪೈಪನ್ನು ಅಡ್ಡಲಾಗಿ ಇಟ್ಟು, ಫ್ಯಾನ್ ಕಡೆಯಿಂದ ಹೊಗೆ ಬಿಡಿ. ಹೊಗೆ ಪೈಪಿಗೆ ಬಡಿದು ಮೇಲೂ ಕೆಳಗೂ ಸೀಳಿ, ಹಿಂದೆ ಸುಳಿಸುಳಿಯಾಗಿ ಒದರಿಕೊಂಡು ಹೋಗುತ್ತದೆ. ಈಗ ಪೈಪನ್ನು ನಿಧಾನವಾಗಿ ಗಾಳಿಯ ದಿಕ್ಕಿಗೆ ತಿರುಗಿಸಿ. ಅರ್ಧದಷ್ಟು ತಿರುಗುವ ತನಕ ಚಿತ್ರ ಹೆಚ್ಚೇನೂ ಬದಲಾಗುವುದಿಲ್ಲ. ಆಮೇಲೆ ಪೈಪಿನ ಬೆನ್ನಿಗೆ ಬಂದ ಹೊಗೆ ಅಲ್ಲೇ ಬಿಟ್ಟುಹೋಗದೆ, ಪೈಪನ್ನು ಹಿಡಿದುಕೊಂಡಂತೆ ಅದರ ಉದ್ದಕ್ಕೆ ಸರಿಯುತ್ತದೆ, ಸ್ವಲ್ಪ ದೂರ ಹೋಗಿ ಆಮೇಲೆ ಬಿಡುತ್ತದೆ. ಬಾಳೆಕಾಯಿಯನ್ನು ನೇರವಾಗಿ ಹೆಚ್ಚಿದರೆ ಬಿಲ್ಲೆ ದುಂಡಗೆ ಬರುತ್ತದೆ, ಓರೆಯಾಗಿ ಹೆಚ್ಚಿದರೆ ಉದ್ದನೆಯ ಅಂಡಾಕಾರದ ಬಿಲ್ಲೆ. ಓರೆ ಗಾಳಿಗೆ ಪೈಪು ಕಾಣುವುದು ಆ ಉದ್ದ ಬಿಲ್ಲೆಯ ಹಾಗೆ. ಗಾಳಿ ಅದರ ಮೈಗೆ ಹೆಚ್ಚು ಹೊತ್ತು ಅಂಟಿಕೊಂಡು ಸಾಗುತ್ತದೆ. ಉದ್ದಕ್ಕೆ ಜಾರುವ ಆ ಗಾಳಿಯೂ ಶಾಖ ಒಯ್ಯುತ್ತಲೇ ಇರುತ್ತದೆ. ಪೈಪು ಪೂರ್ತಿ ಗಾಳಿಯ ದಿಕ್ಕಿಗೇ ತಿರುಗಿದಾಗ ಸೈನ್ ಸೂತ್ರ ಶಾಖನಷ್ಟ ಸೊನ್ನೆ ಎನ್ನುತ್ತದೆ. ಬಿಸಿ ಪೈಪಿನ ಉದ್ದಕ್ಕೆ ಗಾಳಿ ಬೀಸುತ್ತಿರುವಾಗ ನಷ್ಟವೇ ಇಲ್ಲ ಎಂದರೆ ಯಾರು ಒಪ್ಪುತ್ತಾರೆ?

ಇದಕ್ಕೆ ಮದ್ದು ಸಿಕ್ಕಿರುವುದು ವಿದ್ಯುತ್ ತಂತಿಯ ಕೆಲಸದವರಿಂದ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿ ಎಳೆದ ನಾಡು ನಮ್ಮದು. ತಂತಿಯಲ್ಲಿ ವಿದ್ಯುತ್ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಜೋಲುತ್ತದೆ. ಎಷ್ಟು ವಿದ್ಯುತ್ ಹರಿಸಬಹುದು ಎಂಬುದು ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ನಿಂತಿದೆ. ತಂತಿ ಊರೂರು ಸುತ್ತುವಾಗ ಗಾಳಿ ಯಾವ ಕೋನದಿಂದಲೂ ಬರಬಹುದು. ಹಾಗಾಗಿ ಅವರಿಗೆ ಕೋನದ ಗುಣಕ ಅನ್ನದ ಪ್ರಶ್ನೆಯಾಗಿತ್ತು. ಐಇಇಇ ಎಂಬ ಎಂಜಿನಿಯರರ ಸಂಘದ 738 ಸಂಖ್ಯೆಯ ಮಾನಕದಲ್ಲಿರುವ ಗುಣಕ ಹೀಗಿದೆ: 1.194ರಿಂದ ಕೋನದ ಕೊಸೈನ್ ಕಳೆಯಿರಿ. ಇಮ್ಮಡಿ ಕೋನದ ಕೊಸೈನ್‌ನ 0.194 ಪಟ್ಟು ಕೂಡಿಸಿ. ಇಮ್ಮಡಿ ಕೋನದ ಸೈನ್‌ನ 0.368 ಪಟ್ಟು ಕೂಡಿಸಿ. ಕೋನ ಅಕ್ಷದಿಂದ ಅಳೆದದ್ದು ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ. ವಿದ್ಯುತ್ ಜಾಲಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಸಿಗ್ರೆಯ ಸೂತ್ರದ ರೂಪ ಬೇರೆ, ಆದರೆ ಉತ್ತರ ಬಹುಪಾಲು ಇದೇ.

| ಗಾಳಿಗೂ ಅಕ್ಷಕ್ಕೂ ಕೋನ | ಸೈನ್ ಸೂತ್ರ | ತಂತಿಯವರ ಗುಣಕ |
|---|---|---|
| 90° | 1.00 | 1.00 |
| 60° | 0.92 | 0.92 |
| 45° | 0.81 | 0.85 |
| 30° | 0.66 | 0.74 |
| 20° | 0.53 | 0.64 |
| 10° | 0.35 | 0.52 |
| 0° | 0 | 0.39 |

ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿ. 60 ಡಿಗ್ರಿಯ ತನಕ ಗುಣಕ ಹೆಚ್ಚುಕಡಿಮೆ ಒಂದೇ. ಅಷ್ಟು ಓರೆಗೆ ಲೆಕ್ಕವನ್ನು ತಿದ್ದುವ ಅಗತ್ಯವೇ ಇಲ್ಲ. 45ರವರೆಗೂ ಎರಡು ಕಾಲಮ್‌ಗಳ ನಡುವಿನ ಅಂತರ ಸೂತ್ರಗಳ ಸಹಜ ತಪ್ಪಿನೊಳಗೆ ಮುಳುಗಿಹೋಗುತ್ತದೆ. 30ಕ್ಕಿಂತ ಕೆಳಗೆ ಇಳಿದಾಗ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದ್ದರಿಂದ ನನ್ನ ರೂಢಿ ಇದು: ಕೋನ 60ಕ್ಕಿಂತ ಹೆಚ್ಚಿದ್ದರೆ ಅಡ್ಡ ಗಾಳಿ ಎಂದೇ ಹಿಡಿಯುತ್ತೇನೆ; ಅದಕ್ಕಿಂತ ಕಡಿಮೆ ಇದ್ದರೆ ತಂತಿಯವರ ಗುಣಕ ಹಾಕುತ್ತೇನೆ. ಸೈನ್ ಸೂತ್ರವನ್ನು ನಾನು ಬಳಸುವುದು ತರಗತಿಯಲ್ಲಿ ವಿವರಿಸುವಾಗ ಮಾತ್ರ. ಅದರ ತರ್ಕ ಮನಸ್ಸಿಗೆ ಹಿತ, ಆದರೆ ಬೇಕಾದ ಜಾಗದಲ್ಲೇ ಅದು ನಿಲ್ಲುವುದಿಲ್ಲ.

ಇನ್ನೊಂದು ಮಾತು. ಬಯಲಿನ ಗಾಳಿ ಒಂದೇ ದಿಕ್ಕಿಗೆ ಗೆರೆ ಎಳೆದಂತೆ ಬೀಸುವುದಿಲ್ಲ, ನಿಮಿಷಕ್ಕೆ ಹತ್ತು ಸಲ ಆಚೀಚೆ ತೂಗುತ್ತದೆ. ಕೈಪಿಡಿ ಗೋಡೆಯ ಪಕ್ಕದ ಪೈಪು ಗಾಳಿಗೆ ಸಮಾನಾಂತರ ಎಂದು 0.39 ಹಾಕುವುದು ತೀರಾ ಲೋಭ. ಬಯಲಲ್ಲಿ 20 ಡಿಗ್ರಿಗಿಂತ ಕೆಳಗಿನ ಗುಣಕವನ್ನು ನಾನು ನಷ್ಟದ ಲೆಕ್ಕಕ್ಕೆ ಬಳಸುವುದಿಲ್ಲ.

ತಪ್ಪಿದರೆ ಯಾವ ಕಡೆಗೆ ತಪ್ಪಬೇಕು?

ಇದನ್ನು ಕೇಳಿಕೊಳ್ಳದೆ ಆಯ್ಕೆ ಮಾಡಬಾರದು. ಬಿಸಿನೀರಿನ ಪೈಪಿನ ನಷ್ಟ ಅಳೆಯುವಾಗ ಕೋನವನ್ನು ಕಡೆಗಣಿಸಿ ಪೂರ್ತಿ ಅಡ್ಡ ಎಂದು ಹಿಡಿದರೆ ನಷ್ಟ ಹೆಚ್ಚಾಗಿ ಕಾಣುತ್ತದೆ. ಹೊದಿಕೆ ಒಂದು ಸುತ್ತು ದಪ್ಪವಾಗುತ್ತದೆ, ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಅದೇ ಗಾಳಿಯಿಂದ ತಣಿಯಬೇಕಾದ ವಸ್ತುವಿಗೆ, ಎಣ್ಣೆ ಕೊಳವೆಗಾಗಲಿ ವಿದ್ಯುತ್ ತಂತಿಗಾಗಲಿ, ಪೂರ್ತಿ ಅಡ್ಡ ಎಂದು ಹಿಡಿದರೆ ಇಲ್ಲದ ತಂಪನ್ನು ಲೆಕ್ಕಕ್ಕೆ ಸೇರಿಸಿದಂತೆ. ಅಲ್ಲಿ ಕಡೆಗಣಿಸುವುದು ಅಪಾಯ. ಒಂದೇ ಸರಳೀಕರಣ ಒಂದು ಕಡೆ ಎಚ್ಚರಿಕೆಯಾದರೆ ಇನ್ನೊಂದು ಕಡೆ ಅಜಾಗರೂಕತೆ. ನನ್ನ ಎಣ್ಣೆ ಕೊಳವೆಯ ತಪ್ಪು ಬಿಸಿನೀರಿನ ಪೈಪಿನಲ್ಲಿ ಆಗಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಗಾಳಿಯ ವೇಗ: ಎಲ್ಲರೂ ಹಾರಿ ದಾಟುವ ಅಂಕಿ

ಗುಣಕದ ಎರಡನೆಯ ದಶಮಾಂಶಕ್ಕೆ ತಲೆ ಕೆಡಿಸಿಕೊಂಡವರು ವೇಗವನ್ನು ಮೊಬೈಲಿನ ಹವಾಮಾನ ಆ್ಯಪ್‌ನಿಂದ ಎತ್ತಿ ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹವಾಮಾನ ಕೇಂದ್ರಗಳು ಗಾಳಿಯನ್ನು ಅಳೆಯುವುದು ಬಯಲಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ. ನಿಮ್ಮ ಪೈಪು ಇರುವುದು ಮೂರಡಿ ಕೈಪಿಡಿ ಗೋಡೆಯ ಹಿಂದೆ, ತಾರಸಿಯ ನೆಲದಿಂದ ಒಂದು ಗೇಣು ಮೇಲೆ, ಪಕ್ಕದ ನಾಲ್ಕಂತಸ್ತಿನ ಮನೆಯ ಮರೆಯಲ್ಲಿ. ವಿಜಯನಗರದ ಆ ತಾರಸಿಯಲ್ಲಿ ತಲೆಯ ಮಟ್ಟದಲ್ಲಿ ಗಾಳಿಯ ವೇಗ ಅಳೆಯುವ ಅನೆಮೋಮೀಟರ್ ಹಿಡಿದಾಗ ಸೆಕೆಂಡಿಗೆ 3 ಮೀಟರ್ ಆಸುಪಾಸು ತೋರಿಸಿತು. ಕೂತು ಪೈಪಿನ ಮಟ್ಟಕ್ಕೆ ತಂದಾಗ ಒಂದಕ್ಕೆ ಇಳಿಯಿತು.

ವೇಗ 3ರಿಂದ 1ಕ್ಕೆ ಇಳಿದರೆ ಸಂವಹನ ಗುಣಾಂಕ 30ರಿಂದ 17ಕ್ಕೆ ಬೀಳುತ್ತದೆ. ಕೋನ 90ರಿಂದ 20ಕ್ಕೆ ತಿರುಗಿದರೂ ಇಷ್ಟು ಬೀಳುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಚಕ್ರದ ಅನೆಮೋಮೀಟರ್ ಒಂದನ್ನು ಕೊಂಡು, ಪೈಪಿನ ಪಕ್ಕದಲ್ಲೇ ಹತ್ತು ನಿಮಿಷ ಹಿಡಿಯಿರಿ. ಯಾವ ಸೂತ್ರಕ್ಕಿಂತಲೂ ಅದು ನಿಮ್ಮ ಉತ್ತರವನ್ನು ಹೆಚ್ಚು ಸರಿಮಾಡುತ್ತದೆ.

ಗಾಳಿ ತೀರಾ ಮಂದವಾದಾಗ ಇನ್ನೊಂದು ಸಂಗತಿ ತಲೆ ಎತ್ತುತ್ತದೆ. ಬಿಸಿ ಪೈಪಿನ ಸುತ್ತಲಿನ ಗಾಳಿ ತಾನಾಗಿ ಮೇಲೇರುತ್ತದೆ. ಗಾಳಿ ಬೀಸದಿದ್ದರೂ ನಮ್ಮ ಪೈಪಿಗೆ ಗುಣಾಂಕ ಸುಮಾರು 6 ಇದ್ದೇ ಇರುತ್ತದೆ. ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಅಡ್ಡ ಗಾಳಿಯ ಸೂತ್ರ ಕೊಡುವುದು ಸುಮಾರು 9, ಅದಕ್ಕೆ ಓರೆಯ ಗುಣಕ ಹಾಕಿದರೆ ಎರಡೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ತಂತಿಯವರ ರೂಢಿ ಸರಳ: ಎರಡನ್ನೂ ಲೆಕ್ಕ ಮಾಡಿ, ದೊಡ್ಡದನ್ನು ಇಟ್ಟುಕೊಳ್ಳಿ. ಅದನ್ನೇ ಪಾಲಿಸಿ.

ಕಂಪ್ಯೂಟರ್ ಮಾದರಿ

ಗಾಳಿಯ ಹರಿವನ್ನೇ ಕಂಪ್ಯೂಟರಿನಲ್ಲಿ ಬಿಡಿಸಿ ನೋಡುವ ದಾರಿ ಇದು, ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಓಪನ್‌ಫೋಮ್‌ನಂಥ ತಂತ್ರಾಂಶ ಉಚಿತವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ಕೈಗೆತ್ತಿಕೊಳ್ಳಬೇಡಿ. ಅಡ್ಡ ಗಾಳಿಯನ್ನು ಎರಡು ಆಯಾಮದಲ್ಲಿ ಬಿಡಿಸಿ ಕೈತೊಳೆದುಕೊಳ್ಳಬಹುದು. ಓರೆ ಗಾಳಿಗೆ ಮೂರೂ ಆಯಾಮ ಬೇಕೇ ಬೇಕು, ಯಾಕೆಂದರೆ ಊದುಬತ್ತಿ ತೋರಿಸಿದ ಆ ಉದ್ದಕ್ಕೆ ಜಾರುವ ಹರಿವು ಎರಡು ಆಯಾಮದಲ್ಲಿ ಹುಟ್ಟುವುದೇ ಇಲ್ಲ. ಪೈಪಿನ ಮೈಗೆ ಅಂಟಿದ ತೆಳು ಪದರಕ್ಕೆ ಬಹಳ ಸಣ್ಣ ಜಾಲರಿ ಹಾಕಬೇಕು, ಹಿಂದಿನ ಸುಳಿಗಳು ಕಾಲದೊಂದಿಗೆ ಬದಲಾಗುವುದನ್ನು ಹಿಂಬಾಲಿಸಬೇಕು. ಒಂದೇ ಬರಿ ಪೈಪಿಗೆ ಇಷ್ಟು ಶ್ರಮ ಸಲ್ಲದು. ಪೈಪಿನ ಹಿಂದೆ ಗೋಡೆ, ಪಕ್ಕದಲ್ಲಿ ಇನ್ನೊಂದು ಪೈಪು, ಮೇಲೆ ತಗಡು ಎಂದು ಸನ್ನಿವೇಶ ಸಿಕ್ಕುಸಿಕ್ಕಾಗಿದ್ದರೆ, ಹಣವೂ ವಾರಗಳ ಸಮಯವೂ ಇದ್ದರೆ, ಆಗ ಮಾಡಿ. ಮಾಡಿದರೂ ಮೊದಲು 90 ಡಿಗ್ರಿಗೆ ಓಡಿಸಿ, ಚರ್ಚಿಲ್–ಬರ್ನ್‌ಸ್ಟೈನ್ ಉತ್ತರದ ಹತ್ತಿರ ಬಂದ ಮೇಲಷ್ಟೇ ಕೋನ ತಿರುಗಿಸಿ.

ಕೈಯಾರೆ ಅಳೆಯುವುದು

ಈ ಊರಿನಲ್ಲಿ ದೊಡ್ಡ ಗಾಳಿ ಸುರಂಗಗಳಿವೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲೂ. ಒಂದು ಪೈಪಿಗೆ ಅಲ್ಲಿಯವರೆಗೆ ಹೋಗಬೇಕಿಲ್ಲ. ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದರೆ ಬೇಕಾದದ್ದೆಲ್ಲ ಸಿಗುತ್ತದೆ: 200 ವ್ಯಾಟಿನ ಕಡ್ಡಿ ಹೀಟರ್, ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟಾಟ್, ವ್ಯಾಟ್ ಮೀಟರ್, ಉಷ್ಣತೆ ಅಳೆಯುವ ಕೆ ಮಾದರಿಯ ನಾಲ್ಕು ಥರ್ಮೋಕಪಲ್. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾನು ಮನಸಾರೆ ಶಿಫಾರಸು ಮಾಡುವ ದಾರಿ ಇದು.

ಒಂದು ಮೀಟರ್ ಪೈಪಿನೊಳಗೆ ಹೀಟರ್ ಇಳಿಸಿ, ಎರಡೂ ತುದಿಗೆ ಮರದ ಬಿರಡೆ ಬಿಗಿಯಿರಿ. ಪೈಪಿನ ಮೈಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಸುಕ್ಕಿಲ್ಲದೆ ಸುತ್ತಿ; ಹೊಳೆಯುವ ಮೈ ವಿಕಿರಣವನ್ನು ತಗ್ಗಿಸುತ್ತದೆ, ಉಳಿಯುವುದು ಬಹುಪಾಲು ಗಾಳಿಗೆ ಹೋಗುವ ಶಾಖ. ಥರ್ಮೋಕಪಲ್‌ಗಳನ್ನು ಮುಂದೆ, ಹಿಂದೆ, ಮೇಲೆ, ಕೆಳಗೆ ಅಂಟಿಸಿ, ಏಕೆಂದರೆ ಗಾಳಿಗೆ ಎದುರಾದ ಮುಖವೂ ಬೆನ್ನೂ ಒಂದೇ ಸಮನೆ ತಣಿಯುವುದಿಲ್ಲ. ಫ್ಯಾನಿನ ಗಾಳಿ ತಿರುಗುತ್ತಾ ಬರುತ್ತದೆ. ಎಳನೀರು ಅಂಗಡಿಯಲ್ಲಿ ಕೊಡುವಂಥ ಸ್ಟ್ರಾಗಳನ್ನು ನೂರಾರು ಒಟ್ಟುಗೂಡಿಸಿ ಜೇನುಗೂಡಿನಂತೆ ಫ್ಯಾನಿನ ಮುಂದೆ ನಿಲ್ಲಿಸಿದರೆ ಗಾಳಿ ನೆಟ್ಟಗಾಗುತ್ತದೆ. ಉಷ್ಣತೆ ಏರುವುದು ನಿಂತು ಸ್ಥಿರವಾದಾಗ ವ್ಯಾಟ್ ಮೀಟರ್ ತೋರಿಸುವುದೇ ಪೈಪಿನ ನಷ್ಟ; ಅದನ್ನು ಮೈ ಮತ್ತು ಗಾಳಿಯ ಉಷ್ಣತೆಗಳ ಅಂತರದಿಂದ ಭಾಗಿಸಿದರೆ ಆ ಕೋನದ ಉತ್ತರ.

ಇಲ್ಲೊಂದು ಜಾಣತನ ಬೇಕು. ಫ್ಯಾನಿನ ಗಾಳಿಯಲ್ಲಿ ಕಲಕು ಹೆಚ್ಚು, ಕಲಕು ಹೆಚ್ಚಿದಷ್ಟೂ ಶಾಖನಷ್ಟ ಹೆಚ್ಚು. ಹಾಗಾಗಿ ನಿಮ್ಮ 90 ಡಿಗ್ರಿಯ ಉತ್ತರ ಪುಸ್ತಕಕ್ಕಿಂತ ಮೇಲೇ ಬರುತ್ತದೆ, ಅದಕ್ಕೆ ಬೇಸರಿಸಬೇಡಿ. ಅದೇ ಫ್ಯಾನ್, ಅದೇ ಪೈಪು, ಅದೇ ದೂರ ಇಟ್ಟುಕೊಂಡು 60, 45, 30, 20ಕ್ಕೆ ತಿರುಗಿಸಿ, ಪ್ರತಿ ಉತ್ತರವನ್ನು 90ರ ಉತ್ತರದಿಂದ ಭಾಗಿಸಿ. ಎರಡೂ ಕಡೆ ಇರುವ ತಪ್ಪು ಬಹುಮಟ್ಟಿಗೆ ಹೊಡೆದುಹೋಗಿ, ಮೇಲಿನ ಪಟ್ಟಿಯ ಮೂರನೆಯ ಕಾಲಮ್ಮಿನ ಪಕ್ಕ ಇಡಬಹುದಾದ ಸಂಖ್ಯೆ ಕೈಗೆ ಬರುತ್ತದೆ.

ಹೊದಿಕೆ ಹಾಕಿದ ಪೈಪಿಗೆ

ಈಗ ವಿಜಯನಗರದ ಲೆಕ್ಕಕ್ಕೆ ಬರೋಣ. ಗಾಳಿ ಸೆಕೆಂಡಿಗೆ 3 ಮೀಟರ್ ಎಂದು ಕೆಟ್ಟ ಸ್ಥಿತಿಯನ್ನೇ ಹಿಡಿದರೆ, ಬರಿಮೈ ಪೈಪು ಮೀಟರಿಗೆ 157 ವ್ಯಾಟ್ ಕಳೆದುಕೊಳ್ಳುತ್ತದೆ. ಮೀಟರ್ ಪೈಪಿನಲ್ಲಿ ನಿಲ್ಲುವ ನೀರು ಅರ್ಧ ಲೀಟರಿಗಿಂತ ತುಸು ಹೆಚ್ಚು. ನಲ್ಲಿ ನಿಲ್ಲಿಸಿದ ಮೇಲೆ ಹದಿನೈದು ನಿಮಿಷಕ್ಕೆ 60 ಡಿಗ್ರಿಯ ನೀರು 35ಕ್ಕೆ ಇಳಿದಿರುತ್ತದೆ. ಪೈಪನ್ನು ಕಿತ್ತು ಗಾಳಿಗೆ 20 ಡಿಗ್ರಿ ಕೋನದಲ್ಲಿ ಮರುಜೋಡಿಸಿದರೆ ಆ ಹದಿನೈದು ನಿಮಿಷ ಇಪ್ಪತ್ತೊಂದಾಗುತ್ತದೆ. ಇಪ್ಪತ್ತೈದು ಮಿಲಿಮೀಟರ್ ದಪ್ಪದ ಒಳ್ಳೆಯ ಹೊದಿಕೆ ಸುತ್ತಿದರೆ ನಷ್ಟ ಮೀಟರಿಗೆ ಸುಮಾರು 10 ವ್ಯಾಟಿಗೆ ಇಳಿದು, ಅದೇ ಇಳಿತಕ್ಕೆ ನಾಲ್ಕು ಗಂಟೆಯ ಹತ್ತಿರ ಹಿಡಿಯುತ್ತದೆ.

ಹೊದಿಕೆ ಬಂದ ಮೇಲೆ ಗಾಳಿಯ ಕೋನದ ಪ್ರಶ್ನೆಯೇ ಉಳಿಯುವುದಿಲ್ಲ. ಶಾಖಕ್ಕೆ ಅಡ್ಡಿಯಾಗುವುದು ಹೊದಿಕೆಯೇ. ಹೊರಮೈಯ ಗಾಳಿಯ ಗುಣಾಂಕ ಶೇಕಡ 40ರಷ್ಟು ಬದಲಾದರೂ ಒಟ್ಟು ನಷ್ಟ ಶೇಕಡ ಮೂರರಷ್ಟು ಬದಲಾಗುತ್ತದೆ. ಆದ್ದರಿಂದ ಹೊದಿಕೆಯಿರುವ ಪೈಪಿಗೆ ಕೋನದ ಗುಣಕ ಹಾಕುತ್ತಾ ಕೂರಬೇಡಿ. ನಿರ್ವಾತ ಗಾಜಿನ ಕೊಳವೆಗಳ ಸೋಲಾರ್ ಫಲಕಕ್ಕೂ ಇದೇ ಮಾತು: ಆ ಕೊಳವೆಗಳು ಕಣ್ಣಿಗೆ ಎಷ್ಟು ಓರೆಯಾಗಿ ಕಂಡರೂ ನಡುವಿನ ನಿರ್ವಾತ ಶಾಖವನ್ನು ತಡೆದಿರುತ್ತದೆ, ಹೊರಗಾಜು ಹೆಚ್ಚೇನೂ ಬಿಸಿಯಾಗಿರುವುದಿಲ್ಲ, ಗಾಳಿಗೆ ಒಯ್ಯಲು ಅಲ್ಲಿ ಹೆಚ್ಚೇನೂ ಇಲ್ಲ. ಕೋನದ ಲೆಕ್ಕ ಬೇಕಾಗುವುದು ಬರಿಮೈ ಪೈಪಿಗೆ, ತಣಿಯಲೆಂದೇ ಇಟ್ಟ ಕೊಳವೆಗೆ, ತಂತಿಗೆ.

ರೆಕ್ಕೆಗಳಿರುವ ಕೊಳವೆಗೆ ಮೇಲಿನ ಗುಣಕಗಳನ್ನು ಹಾಕಲೇಬೇಡಿ. ಓರೆ ಗಾಳಿಯಲ್ಲಿ ರೆಕ್ಕೆಗಳೇ ಗಾಳಿಯ ದಾರಿಯನ್ನು ತಿರುಗಿಸಿಬಿಡುತ್ತವೆ. ಅದರ ಲೆಕ್ಕ ಬೇರೆಯೇ.

ಮಾಲೀಕರಿಗೆ ನಾನು ಕೊಟ್ಟ ಚೀಟಿಯಲ್ಲಿ ಸೂತ್ರವೇನೂ ಇರಲಿಲ್ಲ. ಪೈಪಿನ ಓರೆಯನ್ನು ಮುಟ್ಟಬೇಡಿ, ಅದು ಹಾಗೆಯೇ ಇರಲಿ. ಟ್ಯಾಂಕಿನ ಬಾಯಿಯಿಂದ ಕೆಳಗಿಳಿಯುವ ತನಕ, ವಾಲ್ವು ಮತ್ತು ಮೊಣಕೈ ಜೋಡಣೆಗಳನ್ನೂ ಬಿಡದೆ, ಒಂದು ಇಂಚು ದಪ್ಪದ ಹೊದಿಕೆ ಹಾಕಿಸಿ. ಕಪ್ಪು ಫೋಮ್ ಕೊಳವೆಯನ್ನು ಬರಿದೇ ಬಿಟ್ಟರೆ ಬಿಸಿಲಿಗೆ ಪುಡಿಯಾಗಿ ಉದುರುತ್ತದೆ, ಮೇಲೆ ಅಲ್ಯೂಮಿನಿಯಂ ತಗಡು ಸುತ್ತಿಸಿ. ತಗಡಿನ ಜೋಡು ಕೆಳಮುಖವಾಗಿರಲಿ, ಇಲ್ಲದಿದ್ದರೆ ಜೂನ್ ತಿಂಗಳ ಮೊದಲ ಮಳೆಗೇ ಹೊದಿಕೆ ನೀರು ಕುಡಿದು, ಒದ್ದೆ ಬಟ್ಟೆ ಸುತ್ತಿದ ಪೈಪಿನಂತಾಗುತ್ತದೆ.